ಅಕ್ಷರಕ್ಕೆ ನಲವತ್ತು

ಕಲ್ಲು ಬಂದು ಒಂಬತ್ತು ದಿನವಾಯಿತು,
ಶಾಲೆಯ ಗೋಡೆಗೆ ಒರಗಿ ನಿಂತಿದೆ.
ಮಕ್ಕಳು ಆಗಲೇ ಅದರ ಮೇಲೆ
ಕೂಡುವ ಲೆಕ್ಕ ಮಾಡಿ ಒರೆಸಿದ್ದಾರೆ.

ಗಟ್ಟಪ್ಪ ಉಳಿ ಮಸೆಯುತ್ತಾ ಕೇಳುತ್ತಾನೆ:
ಎಷ್ಟು ಹೆಸರು, ಮೇಡಂ? ಎಷ್ಟು ಅಕ್ಷರ?
ಅಕ್ಷರಕ್ಕೆ ನಲವತ್ತು, ಒತ್ತಿದ್ದರೆ ಐವತ್ತು.
ಕೊಂಬು, ದೀರ್ಘ ಎಲ್ಲ ನನ್ನ ಕಡೆಯಿಂದ.

ಮೂರು ಹೆಸರು, ಗಟ್ಟಪ್ಪ.
ಕದಿರಪ್ಪ, ನಮ್ಮ ತಾತನ ತಮ್ಮ.
ದಸ್ತಗೀರ್ ಸಾಬರು, ಅವರಿಗೂ ನಮಗೂ ನಡುವೆ ಒಂದೇ ಗೋಡೆ.
ಇನ್ನೊಬ್ಬ, ಚಿನ್ನದ ಗಣಿ ಬಿಟ್ಟು ಬಂದು
ಕೆರೆಯ ಕೆಳಗೆ ಗುಡಿಸಲು ಹಾಕಿದವಳ ಮಗ.
ಊರು ಅವನನ್ನು ದಾಸು ಎಂದು ಬಾಯ್ತುಂಬ ಕರೆದು
ನೀರನ್ನು ಮಾತ್ರ ಎತ್ತಿ ಹೊಯ್ಯುತ್ತಿತ್ತು.

ಬಂಗಾರಪೇಟೆಯಲ್ಲಿ ಮೂವರೂ ಒಂದೇ ರೈಲು ಹತ್ತಿದರು.
ಮದರಾಸಿನಲ್ಲಿ, ಬೆಳಗಿನ ಜಾವ, ಸಮುದ್ರ.
ಕದಿರಪ್ಪ ದಂಗಾಗಿ ನಿಂತನಂತೆ:
"ಎವರು ಕಟ್ಟಿಂಚಿನಾರ್ರಾ ಈ ಚೆರುವು?"
ಈ ಕೆರೆ ಯಾರು ಕಟ್ಟಿಸಿದರೋ,
ಏರಿ ಯಾವ ಕಡೆ, ತೂಬು ಯಾವ ಕಡೆ?
ಎಪ್ಪತ್ತು ವರ್ಷ ನಕ್ಕಿದೆ ಊರು ಆ ಮಾತಿಗೆ.
ನಾನೂ ನಕ್ಕಿದ್ದೇನೆ.

ನಗಲಾಗದ್ದು ಆಮೇಲಿನದು.
ಬರ್ಮಾ ಕಡೆ ಯಾವುದೋ ಒಂದು ದಂಡೆ,
ಅದರ ಹೆಸರಿಗೆ ಮೂವರಿಗೂ ನಾಲಿಗೆ ಹೊರಳಲಿಲ್ಲ.
ದೋಣಿಯ ಮೂತಿ ಬಾಗಿಲಿನಂತೆ ಬಿತ್ತು ನೀರಿಗೆ.
ಬಂದೂಕು ಬೆನ್ನಿಗೆ, ಕೈಯಲ್ಲಿ ತೆಂಗಿನ ನಾರಿನ ಚಾಪೆಸುರುಳಿ.
ಹಿಂದೆ ಬರುವ ಲಾರಿಗಳು ಕೆಸರಲ್ಲಿ ಹೂತುಹೋಗದ ಹಾಗೆ
ಬಗ್ಗಿ ಬಗ್ಗಿ ಹಾಸುವುದು ಇವರ ಕೆಲಸ,
ಮೇಲೆ ಗುಂಡು ಹಾರುತ್ತಿರಲಿ.
"ಮದುವೆ ಪಂಕ್ತಿಗೆ ಹಾಸ್ತಾರಲ್ಲ ಮಗಾ, ಹಾಗೆ"
ಅಂದರು ದಸ್ತಗೀರ್ ಸಾಬರು, ಒಂದೇ ಒಂದು ಸಲ.
"ಹತ್ತು ಮಾರು ಹಾಸಿದ್ವಿ.
ಹನ್ನೊಂದನೇದಕ್ಕೆ ಚಾಪೆ ಇತ್ತು, ದಾಸು ಬಿದ್ದ.
ಲಾರಿ ನಿಲ್ಲೋ ಹಾಗಿರಲಿಲ್ಲ."
ಅಷ್ಟು ಹೇಳಿ ಎದ್ದುಹೋಗಿ
ಇನ್ನೂ ಬಿಸಿಲಿರುವಾಗಲೇ ಕೋಳಿ ಮುಚ್ಚಿದರು.

ಕದಿರಪ್ಪ ಏನೂ ಹೇಳಿದವನಲ್ಲ.
ಕೆರೆಯಂಗಳದ ಜೌಗಿನಲ್ಲಿ ಯಾರದೇ ಗಾಡಿ ಹೂತರೂ
ರಾಗಿಹುಲ್ಲು ಹೊತ್ತು ಓಡುವನು,
ಹಿಂದುಹಿಂದಕ್ಕೆ ನಡೆಯುತ್ತಾ ಹಾಸುವನು,
ಕೊನೆಯವರೆಗೂ ಹೋಗಿ, ಕಾಲಿನಿಂದ ಕೆದಕಿ ನೋಡಿ,
ಆಮೇಲೆ ಎತ್ತು ಹೊಡೆಯಲು ಬಿಡುವನು.
ಬೈಸಿಕೊಂಡಿದ್ದಾನೆ ಅದಕ್ಕೆ.
ಪಟಾಲಮಿನಿಂದ ಬಂದ ವಾರವೇ
ದಾಸುವಿನ ತಾಯಿಯ ಗುಡಿಸಲಿಗೆ ಹೋಗಿ
ಚೊಂಬಿಗೆ ಬಾಯಿಟ್ಟು ನೀರು ಕುಡಿದ.
ಪಂಚಾಯ್ತಿ ಸೇರಿತು. ದಂಡು ಮುಗಿಸಿ ಬಂದವನಿಗೆ ದಂಡ.
ಸಂಬಳದ ದುಡ್ಡಲ್ಲೇ ಎಣಿಸಿ ಕೊಟ್ಟ.

ಗಟ್ಟಪ್ಪನಿಗೆ ಏರಿಯ ಮೇಲಿನ ವೀರಗಲ್ಲಿನ ನೆನಪು.
ಆವಣಿ ಬೆಟ್ಟಕ್ಕೆ ಮುಖ ಮಾಡಿ ನಿಂತಿದೆಯಲ್ಲ,
ಮೂಗು ಸವೆದವನು, ಕುಂಕುಮ ಮೆತ್ತಿದವನು.
ಅದೇ ಥರ ಮೂರಂತಸ್ತು ಮಾಡಲಾ ಮೇಡಂ?
ಕೆಳಗೆ ಕಾಳಗ, ನಡುವೆ ಎತ್ತಿಕೊಂಡು ಹೋಗುವ ದೇವಕನ್ಯೆಯರು, ಮೇಲೆ ಲಿಂಗ.

ಅವನು ಊರ ದನಗಳಿಗಾಗಿ ಸತ್ತ. ಹಸುಗಳು ಅಲ್ಲೇ ಇವೆ,
ಅವನ ಕಾಲ ಬಳಿ, ತಿರುಗಿ ಬಂದು ನಿಂತಿವೆ.
ಇವರು ಯಾರ ತುರು ಬಿಡಿಸಲು ಹೋದರು?
ಯಾರ ಕೊಟ್ಟಿಗೆಗೆ ಏನು ತಿರುಗಿ ಬಂತು?
ಮೇಲಿನಂತಸ್ತಿನ ಮಾತಂತೂ ಬೇಡ,
ಮೂವರಿಗೆ ಮೂರು ಸ್ವರ್ಗ, ಈ ಕಲ್ಲು ಸಾಲದು.

ಹೋಗಲಿ, ಕಡಲನ್ನಾದರೂ ಬಿಡಿಸಲಾ?
ನೋಡಿದ್ದೀಯಾ ಗಟ್ಟಪ್ಪ?
ಇಲ್ಲ. ನೀವು?
ಕ್ಯಾಲೆಂಡರಿನಲ್ಲಿ.

ಊರ ಹಿರಿಯರು ಹೇಳಿ ಕಳಿಸಿದ್ದಾರೆ:
ಅವನಿಗೆ ದಾಸು ಅಂತ ಎರಡಕ್ಷರ ಸಾಕು, ಖರ್ಚೂ ಕಮ್ಮಿ.
ಗೋಡೆಯಾಚೆಯ ಶಮೀಮ್ ಬಂದು,
ನಮ್ಮ ಅಜ್ಜನಿಗೆ ಸಾಬರು ಅನ್ನೋದು ಬೇಡಕ್ಕ,
ಉಳಿದ ದುಡ್ಡು ಆ ಕಡೆಗೆ ಹಾಕಿ, ಅಂದಳು.

ಚಾಪೆಯ ಹೆಣಿಗೆ ಬರುತ್ತಾ ನಿನಗೆ?
ಮೊರದ ಹೆಣಿಗೆ ಬರುತ್ತೆ. ಅದೂ ಹಾಗೇ ಅಲ್ವಾ?
ಹಾಗೇ. ಕೆಳಗಿನಿಂದ ಹತ್ತು ಸಾಲು ಹೆಣೆ.
ಹನ್ನೊಂದನೆಯ ಸಾಲಿನಲ್ಲಿ ಹೆಣಿಗೆ ಬೇಡ,
ಅವನ ಹೆಸರು, ಅವನ ತಾಯಿ ಇಟ್ಟದ್ದು, ಪೂರ್ತಿ:
ಆರೋಗ್ಯದಾಸ.

ಗಟ್ಟಪ್ಪ ಬೆರಳು ಮಡಿಸಿದ.
ಐದಕ್ಷರ, ಒಂದು ಒತ್ತು.
ಇನ್ನೂರ ಹತ್ತು.