ನೀಲಿ ಹೂವಿನ ಹೊಟ್ಟೆ

ಶುಕ್ರವಾರದವರೆಗೆ ವಿಜ್ಞಾನ, ಭಾನುವಾರ ದೊತೊರ್ನ್.
ಒಂದೇ ಗಂಟಲು, ಒಂದೇ ಸೀಮೆಸುಣ್ಣ,
ಹೆಚ್ಚುಕಡಿಮೆ ಅದೇ ಮಕ್ಕಳು.
ಆಗಸ್ಟ್ ಕೊನೆಗೆ ಮಳೆ ತುಸು ಹಿಂದೆಗೆದಾಗ
ಬೇಳದ ಪದವಿನಲ್ಲಿ
ಮುರಕಲ್ಲಿನ ಬೋಳು ನೆತ್ತಿಯ ಮೇಲೆ
ಬೆರಳುದ್ದ ನೀರು. ಆ ನೀರಿಗೆ ಮೂಡುತ್ತದೆ
ಒಂದು ನೀಲಿ.

ಮಲಯಾಳದ ಟೀಚರು ಅದನ್ನು ಕಾಗೆಯ ಹೂ ಅನ್ನುತ್ತಾರೆ,
ಬ್ಯಾಂಕಿನ ಭಟ್ಟರು ಸೀತೆಯ ಕಣ್ಣೀರು ಅಂದರು.
ಚಿಕ್ಕಂದಿನಲ್ಲಿ ನಮಗೆ ಹೆಸರು ಬೇಕಿರಲಿಲ್ಲ,
ಮೊಂತಿಹಬ್ಬಕ್ಕೆ ಒಂಬತ್ತು ದಿನ
ಬುಟ್ಟಿ ತುಂಬಬೇಕು, ಅಷ್ಟೇ.
ಒದ್ದೆ ಲಂಗ, ಕೆಂಪು ಹತ್ತಿದ ಮಂಡಿ.
ಬಾಲ ಮರಿಯಳ ಮೇಲೆ ಎಸೆದರೆ
ಅವಳ ಶಾಲೂ ಈ ಎಸಳೂ
ಒಂದೇ ಥಾನಿನಿಂದ ಹರಿದ ಬಟ್ಟೆ.
ಇನ್ನೇನು ಸಾಕ್ಷಿ ಬೇಕು ದೇವರಿಗೆ?

ಸಾಂತಾನ್ ಮಾಮ ಕಲ್ಲು ಕಡಿಯುವವ. ಅವನದು ಬೇರೆ ಸಾಕ್ಷಿ:
"ನೆಲದೊಳಗಿದ್ದಾಗ ಬೆಣ್ಣೆ, ಕರ್ಮಿಲ್ಲಾ,
ಪಿಕ್ಕಾಸು ಹೇಳಿದಂತೆ ಕೇಳುತ್ತದೆ.
ಗಾಳಿ ಬಿಸಿಲು ತಾಗಿತೋ, ಕಬ್ಬಿಣ.
ಬಡವನಿಗೂ ನಾಲ್ಕು ಗೋಡೆ ಬೇಕು ಅಂತ
ಮೊದಲೇ ಗೊತ್ತಿದ್ದವ ಒಬ್ಬ ಇರಬೇಕಲ್ಲ?"
ಅವನ ಎಡಗಣ್ಣು ತೆಗೆದದ್ದೂ ಅದೇ ಕಲ್ಲಿನ ಚೂರು.
ಅದನ್ನು ನಾನು ಕೇಳಲಿಲ್ಲ. ಅವನೂ
ಆ ಕಣ್ಣಿನ ಕಡೆಯಿಂದ ಏನೂ ಹೇಳಲಿಲ್ಲ.

ಈ ವರ್ಷ ಶಾಲೆಗೊಂದು ಸೂಕ್ಷ್ಮದರ್ಶಕ ಬಂತು,
ಕನ್ನಡ ಡಿವಿಷನ್ನಿಗೂ ಸೇರಿ ಒಂದೇ,
ಕೈಪಿಡಿ ಮಲಯಾಳದಲ್ಲಿ.
ಇಷ್ಟು ಕಾಲ ಬೇರು ಅಂದುಕೊಂಡದ್ದನ್ನು
ಗಾಜಿನ ಮೇಲಿಟ್ಟು ಕಣ್ಣು ಕಿರಿದು ಮಾಡಿದೆ.
ಬೇರೇ ಅಲ್ಲ.
ಸಾಸಿವೆಗಿಂತ ಸಣ್ಣ ಚೀಲಗಳು, ಚೀಲಕ್ಕೊಂದು ಬಾಗಿಲು,
ಬಾಗಿಲಿಗೆ ಮೀಸೆಯಂಥ ಕೂದಲು.
ಹುಳ ತಾಗುವುದೇ ತಡ
ಬಾಗಿಲು ಒಳಗೆ, ನೀರು ಒಳಗೆ, ಹುಳ ಒಳಗೆ,
ಮತ್ತೆ ಬಾಗಿಲು. ನಿಮ್ಮ ರೆಪ್ಪೆ ಇನ್ನೂ ಇಳಿದಿರುವುದಿಲ್ಲ.
ಕುಂಬಳೆಯ ಯಾವ ಆಚಾರಿ ಮಾಡಿಯಾನು ಇಂಥ ಚಿಲಕ!
ಕೈ ಮುಗಿಯೋಣವೆಂದರೆ
ಚೀಲದೊಳಗೆ ಅದು ಇನ್ನೂ ಒದೆಯುತ್ತಿತ್ತು.

ಭಾನುವಾರ ಹೇಳಿಬಿಟ್ಟೆ, ಹೇಳಬಾರದಿತ್ತೇನೋ.
ಸೃಷ್ಟಿಯ ಜೋಡಣೆ ನೋಡಿ ಕರ್ತನ ಜಾಣ್ಮೆ ತಿಳಿಯುವುದು
ಅವತ್ತಿನ ಪಾಠ.
ಚಿತ್ರ ಬರೆದೆ: ಚೀಲ, ಬಾಗಿಲು, ಮೀಸೆ.
ಹಿಂದಿನ ಬೆಂಚಿನಿಂದ ಫೆಲ್ಸಿ, ಎರಡನೇ ಕ್ಲಾಸು,
ಮೂಗು ಒರೆಸಿಕೊಳ್ಳುತ್ತ ಎದ್ದಳು:
"ಟೀಚರ್, ಆ ಹುಳಕ್ಕೂ ಮೊಂತಿಹಬ್ಬ ಉಂಟಾ?"

ಯಾರೋ ನಕ್ಕರು.
ಬಂಡೆಯಲ್ಲಿ ಸತ್ತ್ವವಿಲ್ಲ, ಸಾರಜನಕಕ್ಕಾಗಿ
ಗಿಡ ಲಕ್ಷಾಂತರ ವರ್ಷ ತಡಕಾಡಿ ಕಂಡುಕೊಂಡ ದಾರಿ ಇದು,
ಎಂಬುದು ಶುಕ್ರವಾರದ ಉತ್ತರ.
ಆದಾಮ ಎಡವಿದಂದಿನಿಂದ ಹುಲ್ಲೂ ನರಳುತ್ತಿದೆ,
ಎಂಬುದು ಭಾನುವಾರದ್ದು.
ಎರಡೂ ನನ್ನ ಬಾಯಿಗೆ ಬಂದವು, ಎರಡನ್ನೂ ನುಂಗಿದೆ.
ಅವಳು ಕೇಳಿದ್ದು ಅಷ್ಟು ದೊಡ್ಡದಲ್ಲ.
ಹಬ್ಬಕ್ಕೆ ಯಾರ್ಯಾರು ಎಂದಷ್ಟೇ.

ಸೆಪ್ಟೆಂಬರ್ ಎಂಟು. ಪದವಿನ ಅರ್ಧ
ಕಲ್ಲು ಕೊಯ್ಯುವ ಯಂತ್ರದ ಹೊಂಡಕ್ಕೆ ಇಳಿದಿದೆ,
ಉಳಿದರ್ಧದಲ್ಲಿ ನೀಲಿ ಎಂದಿಗಿಂತ ದಟ್ಟ.
ಇಗರ್ಜಿಯಲ್ಲಿ ಸಾಲಿನ ಕೊನೆಗೆ ಫೆಲ್ಸಿ.
ಒಂದೊಂದು ಹೂವನ್ನೂ ಮೆಲ್ಲನೆ ಊದಿ,
ಬುಡ ಮೇಲೆ ಮಾಡಿ ಕುಡುಗಿ, ಆಮೇಲೆ ಎಸೆಯುತ್ತಿದ್ದಳು,
ಒಳಗೆ ಯಾರಾದರೂ ಇದ್ದರೆ ಹೋಗಿಕೊಳ್ಳಲಿ ಎಂದು.
ಅಲ್ಲಿ ಯಾರೂ ಇಲ್ಲ ಮಗೂ,
ಇಗರ್ಜಿಗೆ ಬರುವುದು ಹೂ ಮಾತ್ರ,
ಹೊಟ್ಟೆ ಅಲ್ಲೇ ಕೆಸರಿನಲ್ಲಿ ಕೆಲಸ ಮಾಡುತ್ತಿದೆ.
ಹೇಳಲಿಲ್ಲ.

ಹೊಸ ತೆನೆ ಹಂಚಿದರು. ಅದಕ್ಕೂ ಮೊದಲು
ತಿನ್ನುವವರ ಸಾಲಿನಲ್ಲಿ ನಾನೂ ನಿಂತೆ.
ತಿನ್ನಿಸಿಕೊಳ್ಳಲೆಂದೇ ಬಂದವ
ನಾಲಿಗೆಯ ಮೇಲೆ ಸದ್ದಿಲ್ಲದೆ ಕರಗಿದ.
ಗಂಟಲ ಬಾಗಿಲು ತೆರೆಯಿತು, ಮುಚ್ಚಿತು.
ನನ್ನ ರೆಪ್ಪೆ ಇನ್ನೂ ಇಳಿದಿರಲಿಲ್ಲ.

ಫೆಲ್ಸಿಗೆ ಉತ್ತರ ಬಾಕಿ ಇದೆ.
ಬರುವ ವರ್ಷ ಅವಳಿಗೆ
ಮೊದಲ ಪರಮಪ್ರಸಾದ.