ಕಾವು

ಏಪ್ರಿಲ್ ಹನ್ನೊಂದು, ಮಂಡಿ ಮೊಹಲ್ಲಾ.
ಗೋಡೆಗೆ ಮೀಟರು, ಮೀಟರಿನ ಮೇಲೆ ಪಿಕಳಾರದ ಗೂಡು,
ಗೂಡಿನಲ್ಲಿ ಎರಡು ಮೊಟ್ಟೆ. ಕೆಳಗೆ ನಾನು,
ಎಡಗೈಯಲ್ಲಿ ಕೊಡೆ, ಬಲಗೈಯಲ್ಲಿ ಬಿಲ್ಲಿನ ಯಂತ್ರ.

ಕೊಡೆ ನನಗಲ್ಲ. ಮೊದಲ ದಿನವೇ ಆಫೀಸಿನಲ್ಲಿ ಹೇಳಿದ್ದರು:
ಈ ಕಾಗದಕ್ಕೆ ಬಿಸಿಲು ತಾಗಿದರೆ ಕಪ್ಪಾಗುತ್ತೆ,
ಅಂಕಿ ಕಾಣದಿದ್ದರೆ ಜನ ದುಡ್ಡು ಕಟ್ಟಲ್ಲ,
ಯಂತ್ರ ಕಾದು ಕೆಟ್ಟರೆ ನಿಮ್ಮ ಸಂಬಳದಲ್ಲಿ ಹಿಡೀತೀವಿ.
ನಾನು ಕಾದರೆ? ಅದನ್ನು ಯಾರೂ ಹೇಳಲಿಲ್ಲ,
ನಾನೂ ಕೇಳಲಿಲ್ಲ.

ಯಂತ್ರದ ತಲೆಗೆ ಕೊಡೆ ಹಿಡಿದು ನಡೆಯುವಾಗೆಲ್ಲ
ನಮ್ಮ ನಡುಮನೆಯ ಫೋಟೋ ನೆನಪಾಗುತ್ತದೆ.
ಅದರಲ್ಲೊಬ್ಬ ಸಾಹೇಬ. ಜರಿಪೇಟ, ಕೋಲು, ಬೂಟು.
ತಲೆಯ ಮೇಲೆ ಬೆಳ್ಗೊಡೆ, ಅಂಚಿಗೆ ಕುಚ್ಚು.
ಕೊಡೆಯ ಕಾವು ಹಿಡಿದ ಒಂದು ಕೈ, ಮೊಣಕೈವರೆಗೆ.
ಅಲ್ಲಿಗೆ ಫೋಟೋ ಮುಗಿಯಿತು.
ಆ ಕೈ ನಮ್ಮ ಮುತ್ತಾತ ಬೆಟ್ಟನಾಯಕನದು.
ಸಾಹೇಬ ಯಾರೋ ನಮಗೆ ಗೊತ್ತಿಲ್ಲ.
ಬರೀ ಕೈಗೆ ಹಾರ ಹಾಕುವುದು ಹೇಗೆ?
ಅಜ್ಜಿ ಇಡೀ ಚೌಕಟ್ಟಿಗೇ ಹಾಕುತ್ತಿದ್ದಳು.
ಸಾಹೇಬನಿಗೂ ಸಿಕ್ಕಿತು, ವರ್ಷಕ್ಕೊಮ್ಮೆ, ಅರ್ಧ ಮೊಳ ಕನಕಾಂಬರ.

ಅವಳೇ ಹೇಳುತ್ತಿದ್ದಳು: ಅರಮನೆಯ ಉಗ್ರಾಣದಲ್ಲಿ
ಒಂದೊಂದು ಕೊಡೆಗೆ ಒಂದೊಂದು ಹೆಸರು, ಒಂದೊಂದು ಗೂಟ.
ದೇವರದು ಸತ್ತಿಗೆ, ದೊರೆಯದು ಬೆಳ್ಗೊಡೆ,
ಆನೆ ಮೇಲಿನದು ಬೇರೆ, ಪಲ್ಲಕ್ಕಿಯ ಪಕ್ಕದ್ದು ಬೇರೆ.
ಮಳೆಗೆಂದು ಮಾತ್ರ ಒಂದೂ ಇರಲಿಲ್ಲವಂತೆ.
ಹಿಡಿದವನು ಒಂದು ಗೇಣು ಹಿಂದೆಯೇ ಇರಬೇಕು,
ಅವನ ನೆರಳು ಅವರ ನೆರಳನ್ನು ತುಳಿಯಬಾರದು,
ಹೊತ್ತು ಅಂಗುಲ ಸರಿದರೆ ಕೊಡೆಯೂ ಅಂಗುಲ ಸರಿಯಬೇಕು.
ಹಿಡಿಕೆಗೂ ಕಾವು, ಬಿಸಿಗೂ ಕಾವು ನಮ್ಮ ಮಾತಿನಲ್ಲಿ;
ಎರಡೂ ಅವನ ಕೈಯಲ್ಲೇ ಇದ್ದವು.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದ
ಎಂದು ಯಾರಾದರೂ ಅಂದರೆ ತಿದ್ದುತ್ತಿದ್ದನಂತೆ:
ಹಿಡಿದನಲ್ಲ ಕಣಪ್ಪ, ಹಿಡಿಸಿಕೊಂಡ.
ಹಿಡಿದಿದ್ದು ನಾನು.
ಪಂಜಿನ ಹುಳ ಕಣ್ಣಿಗೆ ಬೀಳ್ತಿದ್ವು,
ಒರೆಸಿಕೊಳ್ಳಾಕೆ ಕೈ ಇರಲಿಲ್ಲ.

ಊರಿಗೆ ಹೋದಾಗ, ತಾನೇ ಕೊಂಡ ಕರಿ ಛತ್ರಿಯನ್ನು
ಮೇಲಿನ ಬೀದಿ ದಾಟುವವರೆಗೆ ಕಂಕುಳಲ್ಲಿ ಮಡಚಿಟ್ಟು
ಗದ್ದೆಯ ಬದುವಿಗೆ ಬಂದಮೇಲೆ ಬಿಚ್ಚುತ್ತಿದ್ದ.

ನನ್ನ ಕೊಡೆಗೆ ಎಂಟು ಕಡ್ಡಿ. ಎರಡು ಮುನಾವರ್ ಹಾಕಿದ್ದು.
ಚಿಕ್ಕ ಗಡಿಯಾರದ ಹತ್ತಿರ ಫುಟ್‌ಪಾತಿನಲ್ಲಿ ಕೂತು
ಸೈಕಲ್ಲಿನ ಸ್ಪೋಕು ಬಗ್ಗಿಸಿ ಮುರಿದ ಮೂಳೆ ಕೂಡಿಸುತ್ತಾನೆ.
ಮಳೆಗಾಲಕ್ಕೆ ನೂರು ಬರ್ತವೆ, ಈ ಬೇಸಿಗೇಲಿ ನಿಮ್ಮದೊಂದೇ, ಅಂದ.
ಅವನ ತಲೆಯ ಮೇಲೆ ಒಂದು ಒದ್ದೆ ಟವಲು, ಅಷ್ಟೆ.
ಕರಿ ಬಟ್ಟೆ ಬಿಸಿಲನ್ನ ಕುಡಿಯುತ್ತೆ ಮೇಡಂ,
ಒಳಗೊಂದು ಅಸ್ತರಿ ಕೊಟ್ಟುಬಿಡಲಾ?
ಇಪ್ಪತ್ತು ರೂಪಾಯಿ, ಯಾರದೋ ಹಳೇ ಪಂಚೆ.
ಹೊರಗಿನಿಂದ ನೋಡಿದರೆ ಕರಿ ಛತ್ರಿ.
ತಲೆ ಎತ್ತಿದರೆ ಬೆಳ್ಗೊಡೆ.

ಇವತ್ತಿನ ಅರವತ್ತೆರಡನೇ ಮನೆ ಇದು.
ಒಳಗಿನಿಂದ ಹುಡುಗನೊಬ್ಬ ಮಜ್ಜಿಗೆ ತಂದು ನಿಂತಿದ್ದಾನೆ.
ಇಸಕೊಳ್ಳಲು ನನಗೂ ಕೈಯಿಲ್ಲ.
ಕೊಡಿ ಅಕ್ಕ, ಹಿಡ್ಕೊತೀನಿ, ಎಂದು ಕೊಡೆ ಕಿತ್ತುಕೊಂಡ.
ಎತ್ತರ ಸಾಲದೆ ಹಿಂದಿನ ಮೆಟ್ಟಿಲು ಹತ್ತಿ
ಎರಡು ಕೈಯಲ್ಲೂ ಎತ್ತಿ ಹಿಡಿದ, ಬಲು ಗಂಭೀರವಾಗಿ.
ಯಂತ್ರವನ್ನು ಜಗಲಿಯ ಮೇಲೆ ಇಟ್ಟೆ, ಬಿಸಿಲಿನಲ್ಲೇ.
ಹರಿಯದ ಬಿಲ್ಲು ಅಂಚಿನಿಂದ ಕಪ್ಪಾಗುತ್ತಾ ಬಂತು.
ಕಾವಿಗೆ ಕೂರಲು ಬಂದ ಹಕ್ಕಿ ನಮ್ಮನ್ನು ಕಂಡು
ತಂತಿಯ ಮೇಲೆಯೇ ಉಳಿಯಿತು.
ಮಜ್ಜಿಗೆಗೆ ಉಪ್ಪು ಹೆಚ್ಚಾಗಿತ್ತು. ಪೂರ್ತಿ ಕುಡಿದೆ.

ಒಂದು ಗೇಣು ಮುಂದೆ ಬಾರೋ, ನಿನ್ನ ತಲೆ ಸುಡ್ತಿದೆ, ಅಂದೆ.
ಬಂದ.
ಇಬ್ಬರಿಗೆ ಸಾಲುವ ಕೊಡೆಯಲ್ಲ ಅದು.
ಅವನದೊಂದು ಭುಜ, ನನ್ನದೊಂದು ಭುಜ
ಹೊರಗೇ ಇದ್ದವು.