ಸ್ವಸ್ಥ ಬುದ್ಧಿಯಿಂದ ಬರೆದುಕೊಟ್ಟದ್ದು

ಮೇ ತಿಂಗಳು. ಟ್ಯಾಮರಾಕ್ ಪಾಯಿಂಟ್ ಹೈಸ್ಕೂಲಿನ ಹಿಂದೆ
ಹಿಮದ ಗುಡ್ಡೆ ಇನ್ನೂ ಕರಗಿಲ್ಲ,
ಮಸಿ ಹಿಡಿದ ಬಾಣಲೆ ಬೋರಲು ಹಾಕಿದ ಹಾಗಿದೆ.
ಹನ್ನೆರಡನೆಯ ತರಗತಿಯ ಹದಿಮೂರು ಜನ
ಹೊರಡುವ ಮುನ್ನ ಉಯಿಲು ಬರೆದಿದ್ದಾರೆ.
ಸಾಯುವವರು ಯಾರೂ ಇಲ್ಲ. ಇದು ಪದ್ಧತಿ.
ಟೈಪು ಮಾಡುವವಳು ನಾನು, ಹನ್ನೊಂದನೆಯ ತರಗತಿ,
ಇರ್ಯಾ ಲಾಂಪಿನೆನ್, ಪುಟಕ್ಕೆ ಐದು ಸೆಂಟು.
ಮೆಷೀನಿನಲ್ಲಿ ಆರ್ ಅಕ್ಷರ ಒತ್ತಿದರೆ ಮೇಲೇಳುವುದಿಲ್ಲ.

'ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥ ಬುದ್ಧಿಯಿಂದ'
ಎಂದು ಶುರು ಎಲ್ಲರದ್ದೂ.
ಸ್ವಸ್ಥ ಬುದ್ಧಿ! ರೈನೋ ಮಾಟಾಲನಿಗೆ!
ಫೆಬ್ರವರಿಯಲ್ಲಿ ಪಂತ ಕಟ್ಟಿ
ಹೆಪ್ಪುಗಟ್ಟಿದ ಸರೋವರದ ಮೇಲೆ ಅಪ್ಪನ ಟ್ರಕ್ಕು ಓಡಿಸಿ
ನಟ್ಟನಡುವೆ ಪೆಟ್ರೋಲು ಮುಗಿಸಿಕೊಂಡವನು.
ಅವನ ಆಸ್ತಿ, ಲಾಕರು ನಂಬರು ನಲವತ್ತೇಳು. ಚಕ್ಕುಬಂದಿ:
ಪೂರ್ವಕ್ಕೆ ಬಾಯ್ಲರ್ ಕೋಣೆ, ಪಶ್ಚಿಮಕ್ಕೆ ತೊಟ್ಟಿಕ್ಕುವ ನಲ್ಲಿ,
ಉತ್ತರಕ್ಕೆ ಗೋಡೆಯ ಬಿರುಕು,
ದಕ್ಷಿಣಕ್ಕೆ ಮಿಸ್ ಪಾಸ್ಕೋ ಅವರ ಎರಡೂ ಕಣ್ಣು.
ಈ ಮಧ್ಯೆ ಇರುವ ಸದರಿ ಸ್ವತ್ತು, ಒಳಗಿನ ವಾಸನೆ ಸಮೇತ,
ನವೆಂಬರಿನಲ್ಲಿ ಕಳೆದ ಮೀನಿನ ಸ್ಯಾಂಡ್‌ವಿಚ್ ಸಿಕ್ಕರೆ ಅದೂ,
ಒಂಬತ್ತನೆಯ ತರಗತಿಯ ಕರ್ಟಿಸ್ ಹೋಸ್ಕಿಂಗನಿಗೆ
ಪುತ್ರಪೌತ್ರ ಪಾರಂಪರ್ಯವಾಗಿ.

ಡೋರೀನ್ ಸ್ಟಿಮಾಚ್ ಬಿಟ್ಟದ್ದು
ವಾಲಿಬಾಲ್ ಬೆಂಚಿನಲ್ಲಿ ನಾಲ್ಕು ವರ್ಷ ಕೂತು ಬೆಚ್ಚಗೆ ಮಾಡಿದ ಜಾಗ,
ಎದ್ದು ಆಡಲೇಬೇಕೆಂಬ ಹಟ ಇಲ್ಲದ ಯಾರಿಗಾದರೂ.
ಅವಳಿ ಅಣ್ಣತಮ್ಮಂದಿರು ಲೀನೋ, ಲೆಸ್ಟರ್:
ಒಬ್ಬನೇ ಬಂದು ಇಬ್ಬರ ಹಾಜರಿ ಹೇಳುವ ವಿದ್ಯೆ,
ಶಾಲೆಯಲ್ಲಿ ಬೇರೆ ಅವಳಿಗಳಿಲ್ಲದ ಕಾರಣ ನಮ್ಮೊಂದಿಗೇ ಮುಗಿಯಿತು.
ಯಾರದೋ ಬೀಜಗಣಿತದ ಪುಸ್ತಕ. ನೂರ ಹನ್ನೆರಡನೆಯ ಪುಟದ ತನಕ
ಅಂಚಿನಲ್ಲಿ ಉತ್ತರಗಳಿವೆ. ನಂಬಿದವರು ಕೆಟ್ಟರು.

ವೈಸ್ ಪ್ರಿನ್ಸಿಪಾಲ್ ಆಂಗೋವ್ ಕೆಂಪು ಪೆನ್ಸಿಲು ಹಿಡಿದು ಓದಿದರು.
ತಮ್ಮ ಟೋಪನ್ನಿನ ಬಗ್ಗೆ ಇದ್ದ ಸಾಲಿಗೆ ಎಳೆದ ಗೀಟು
ಕೆಳಗಿನ ಹಾಳೆಗೂ ಇಳಿದಿದೆ.

ಆ ಕೆಳಗಿನ ಹಾಳೆ ವೇಯ್ನ್ ಕೋಸ್ಕೇಲಾನದು. ಎರಡೇ ವಾಕ್ಯ.
'ನಾನು ಏನನ್ನೂ ಬಿಟ್ಟು ಹೋಗುತ್ತಿಲ್ಲ.
ಇರುವುದೆಲ್ಲ ನನಗೇ ಬೇಕು.'
ಸೋಮವಾರದಿಂದ ಅವನಿಗೆ ಮರದ ಮಿಲ್ಲಿನಲ್ಲಿ ರಾತ್ರಿ ಪಾಳಿ.
ಸ್ವಲ್ಪ ಹೊತ್ತು ಟೈಪು ನಿಲ್ಲಿಸಿದೆ.
ಆರ್ ಅಂಟಿಕೊಂಡಿತ್ತು, ಅಷ್ಟೆ.

ಹದಿಮೂರು ಉಯಿಲಿನಲ್ಲಿ ನನ್ನ ಹೆಸರು ಎಲ್ಲೂ ಇಲ್ಲ.
ಹುಡುಕಲಿಲ್ಲ ಅಂದರೆ ಸುಳ್ಳು.

ಕೊನೆಯದು ವರ್ನಾ ಟ್ರೆಜೋನಾಳದು.
ಅವಳು ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹಾಕಿದರೆ
ಹಾಕಿ ರಿಂಕಿನಲ್ಲಿ ರೆಫರಿಯೇ ಆಟ ನಿಲ್ಲಿಸುತ್ತಿದ್ದ,
ದಡದಾಚೆಯ ನಾಯಿಗಳು ಎದ್ದು ಬೊಗಳುತ್ತಿದ್ದವು.
ಆ ಶಿಳ್ಳೆ 'ನನ್ನ ಚಿಕ್ಕಪ್ಪನ ಮಗಳು ಜೋಲೀನಳಿಗೆ' ಎಂದಿತ್ತು.
ಹಾಗೆಯೇ ಟೈಪು ಮಾಡಿದೆ. ಆಣೆ.
ಆಮೇಲೆ ಬ್ಲೇಡು ತಗೊಂಡು ಜೋಲೀನಳನ್ನು ಕೆರೆದು,
ಊದಿ, ಒತ್ತಿದೆ: ಇರ್ಯಾ.
ಸಾಕ್ಷಿ ಗೋಡೆಯ ಗಡಿಯಾರ. ಅದೂ ಕ್ರಿಸ್‌ಮಸ್ಸಿನಿಂದ ನಿಂತದ್ದು.

ನೂರ ಇಪ್ಪತ್ತು ಪ್ರತಿ, ನೇರಳೆ ಶಾಯಿ, ಇನ್ನೂ ಒದ್ದೆ.
ವರ್ನಾ ಓದಿದಳು, ನನ್ನ ಕಡೆ ನೋಡಿದಳು,
ಒಂದು ಹುಬ್ಬು ಏರಿಸಿ ಮಡಚಿ ಜೇಬಿಗಿಟ್ಟಳು.

ಅಂದಿನಿಂದ ಬಾಯ್ಲರ್ ಕೋಣೆಯ ಹಿಂದೆ ನನ್ನ ಅಭ್ಯಾಸ.
ಬರುವುದು ಗಾಳಿ. ಮತ್ತೆ ಎಂಜಲು.
ಹಕ್ಕುಪತ್ರ ನನ್ನ ಹೆಸರಿಗಿದೆ, ಸ್ವಾಧೀನ ಇಲ್ಲ.

ನಿನ್ನೆ ಬಸ್ಸು ಹೊರಟಿತ್ತು. ಹಿಂದಿನಿಂದ ಒಂದು ಶಿಳ್ಳೆ,
ಗಾಜು ನಡುಗುವಂಥದು. ಡ್ರೈವರು ಬ್ರೇಕು ಒತ್ತಿದ.
ಟ್ರಂಪೆಟ್ ಪೆಟ್ಟಿಗೆ ಎತ್ತಿಕೊಂಡು ಜೋಲೀನ್ ಓಡಿ ಬಂದಳು,
ಇರುವ ಸೀಟೆಲ್ಲ ಬಿಟ್ಟು ನನ್ನ ಪಕ್ಕ ಕೂತಳು.
ಎರಡು ಸ್ಟಾಪು ಮಾತಿಲ್ಲ. ಆಮೇಲೆ,
'ನಾಲಿಗೆ ಇನ್ನೂ ಹಿಂದಕ್ಕೆ ಮಡಚು' ಅಂದಳು,
'ಮೊದಲು ಕೈ ತೊಳಕೋ. ಎಲ್ಲ ನೇರಳೆ.'